ಅಪ್‌ಡೇಟ್ ಹಾಕಿದ ಭಾನುವಾರ

ಕರೂರಿನ ಸುಂಕಣ್ಣನ ಹಿರಿಮಗಳು ಹೇಮಾ ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಆ ಕೆಲಸ ಏನು ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಅವಳ ತಾಯಿ ಮಾರೆಮ್ಮನನ್ನು ಯಾರಾದರೂ ಕೇಳಿದರೆ, ರೋಗಿಗಳ ವಿಷಯವೆಲ್ಲ ಒಂದು ಪೆಟ್ಟಿಗೆಯಲ್ಲಿ ಇರುತ್ತದಂತೆ, ನನ್ನ ಮಗಳು ಆ ಪೆಟ್ಟಿಗೆ ಕಾಯುತ್ತಾಳೆ ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು. ಆದರೆ ಹೇಮಾ ತಾನೇ ಹೇಳಿದ್ದರೂ ಅದಕ್ಕಿಂತ ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ.

ಸುಂಕಣ್ಣ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ನಡುವಯಸ್ಸಿನಲ್ಲಿ ಬುದ್ಧನ ದಾರಿ ಹಿಡಿದವನು. ಮನೆಯ ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೊ ಬಿಟ್ಟರೆ ಬೇರೆ ಏನನ್ನೂ ತೂಗುಹಾಕಲು ಬಿಡುತ್ತಿರಲಿಲ್ಲ, ಕ್ಯಾಲೆಂಡರನ್ನೂ. ಇಬ್ಬರು ಹೆಣ್ಣುಮಕ್ಕಳನ್ನೂ ಓದಿಸಬೇಕೆಂಬುದು ಅವನ ಹಟ. ಹಿರಿಯಳನ್ನು ಬಳ್ಳಾರಿಯ ಪಾಲಿಟೆಕ್ನಿಕ್‌ಗೆ ಸೇರಿಸಿದ. ಕಿರಿಯಳು ನಂದಿನಿ ಹತ್ತನೇ ತರಗತಿಯಲ್ಲಿದ್ದಾಗ ಗಿರಣಿಯಲ್ಲಿ ಮೂಟೆಗಳ ಸಾಲು ಜರಿದು ಅವನ ಬೆನ್ನಿನ ಮೇಲೆ ಬಿತ್ತು. ಆಮೇಲೆ ಅವನು ನೆಟ್ಟಗೆ ನಿಲ್ಲಲೇ ಇಲ್ಲ. ಮನೆಯಿಂದ ಯಾರಾದರೂ ಒಬ್ಬರು ಗದ್ದೆ ಕೆಲಸಕ್ಕೆ ಹೋಗಲೇಬೇಕಾಯಿತು. ಹೋದವಳು ನಂದಿನಿ. ಹೇಮಾಳ ಓದು ಅಷ್ಟರಲ್ಲಿ ಮುಗಿಯುತ್ತ ಬಂದಿತ್ತು, ಅದನ್ನು ಬಿಡಿಸುವ ಮಾತನ್ನು ಯಾರೂ ಎತ್ತಲಿಲ್ಲ. ನಂದಿನಿಯೂ ಎತ್ತಲಿಲ್ಲ. ಅಕ್ಕತಂಗಿಯರ ನಡುವೆ ಆಡದೆ ಉಳಿದ ಮಾತು ಅದೊಂದೇ.

ಹೇಮಾ ಮೊದಲು ಸೇರಿದ್ದು ಆಸ್ಪತ್ರೆಯ ಕೌಂಟರಿನಲ್ಲಿ, ರೋಗಿಗಳ ಹೆಸರು ಟೈಪು ಮಾಡುವ ಕೆಲಸಕ್ಕೆ. ಆಗ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದ ಶರಣ ಎಂಬ ಇಂಜಿನಿಯರು ಅವಳ ಆಸಕ್ತಿ ಕಂಡು ಬಿಡುವಿದ್ದಾಗಲೆಲ್ಲ ಪಕ್ಕ ಕೂರಿಸಿಕೊಂಡು ಮಾಹಿತಿ ಜೋಡಿಸಿಡುವ ಡೇಟಾಬೇಸಿನ ಕೆಲಸ ಕಲಿಸಿದ. ಅವನು ಕೆಲಸ ಬಿಟ್ಟಾಗ ಬೇರೆಯವರನ್ನು ಹುಡುಕುವವರೆಗೆ ನೀನೇ ನೋಡಿಕೋ ಎಂದರು. ಹುಡುಕಲಿಲ್ಲ. ಎಕ್ಸ್‌ರೇ ವಿಭಾಗದ ಹಿಂದೆ ಮುರಿದ ಮಂಚ, ಗ್ಲೂಕೋಸ್ ಸ್ಟ್ಯಾಂಡು ಪೇರಿಸಿಡುತ್ತಿದ್ದ ಕಿಟಕಿಯಿಲ್ಲದ ಜಾಗ ಸರ್ವರ್ ಕೋಣೆಯಾಯಿತು, ಹೇಮಾ ಅದರ ಒಡತಿಯಾದಳು. ಹೊರಗೆ ಊರು ಬಿಸಿಲಿಗೆ ಕಾದು ಹೋಗಿದ್ದರೂ ಅವಳು ಯಂತ್ರಕ್ಕೆಂದು ಹಾಕಿದ ಎರಡು ಎಸಿಗಳ ಚಳಿಗೆ ಸ್ವೆಟರ್ ಹಾಕಿಕೊಂಡು ಕೂತಿರುತ್ತಿದ್ದಳು. ಗಂಡ ಪ್ರದೀಪ ಉಕ್ಕಿನ ಕಾರ್ಖಾನೆಯೊಂದರ ಸ್ಟಾಫ್ ಬಸ್ ಓಡಿಸುತ್ತಿದ್ದ. ಮಗ ಸಮ್ರಾಟ್ ಹೈಸ್ಕೂಲಿಗೆ ಬಂದಿದ್ದ. ಜೀವನ ಒಂದು ದಡಕ್ಕೆ ಬಂತು ಎಂದು ಅವಳಿಗೆ ಅನಿಸತೊಡಗಿತ್ತು.

ಆಸ್ಪತ್ರೆ ನಡೆಸುತ್ತಿದ್ದ ಟ್ರಸ್ಟಿನವರು ಸಿರುಗುಪ್ಪದಲ್ಲೂ ಕುರುಗೋಡಿನಲ್ಲೂ ಡಯಾಲಿಸಿಸ್ ಕೇಂದ್ರ ತೆರೆದಿದ್ದರು. ಎರಡೂ ಕಡೆಯ ಕಂಪ್ಯೂಟರುಗಳು ಬಳ್ಳಾರಿಯ ಈ ಸರ್ವರಿನಿಂದಲೇ ನಡೆಯುತ್ತಿದ್ದವು. ಹಳೇ ಸಕ್ಕರೆ ಕಾಯಿಲೆಯಿಂದ ಮಾರೆಮ್ಮನ ಕಿಡ್ನಿ ಕೈಕೊಟ್ಟಾಗ ಸುಂಕಣ್ಣ ಬದುಕಿರಲಿಲ್ಲ. ಹೇಮಾ ತಾಯಿಯನ್ನು ಬಳ್ಳಾರಿಗೆ ಕರೆದಳು. ಮಾರೆಮ್ಮ ಒಪ್ಪಲಿಲ್ಲ. ಕರೂರಿನಿಂದ ಬಸ್ಸು ಹತ್ತಿದರೆ ಸಿರುಗುಪ್ಪ, ನಂದಿನಿ ಜೊತೆಗಿದ್ದಾಳೆ, ಪೇಟೆಯಲ್ಲಿ ನನಗೇನು ಕೆಲಸ ಎಂದಳು. ಹಾಗೆ ವಾರವಾರ ನಂದಿನಿ ಎರಡೆರಡು ದಿನದ ಕೂಲಿ ಬಿಟ್ಟು ಅವ್ವನನ್ನು ರಕ್ತ ತೊಳೆಸಲು ಕರೆದುಕೊಂಡು ಹೋಗುತ್ತಿದ್ದಳು. ಅಲ್ಲಿನ ಟೆಕ್ನಿಶಿಯನ್ ಸೌಂದರ್ಯ ಮಾರೆಮ್ಮನಿಗೆ ಮಗಳಂತೆಯೇ ಆಗಿದ್ದಳು. ಸೂಜಿ ಚುಚ್ಚಲೆಂದು ಎಡಗೈಯಲ್ಲಿ ರಕ್ತದ ನರಗಳನ್ನು ಕೂಡಿಸಿ ಆಪರೇಷನ್ ಮಾಡಿದ್ದರು. ಆ ಜಾಗ ಮುಟ್ಟಿದರೆ ಝುಮ್ ಎನ್ನುತ್ತಿತ್ತು. ಅದು ಝುಮ್ ಎನ್ನುವವರೆಗೆ ಭಯವಿಲ್ಲ ಎಂದು ಸೌಂದರ್ಯ ಹೇಳಿಕೊಟ್ಟಿದ್ದಳು. ಮಾರೆಮ್ಮ ಬಸ್ಸಿನಲ್ಲಿ ಪಕ್ಕ ಕೂತವರ ಕೈ ಹಿಡಿದು ಅಲ್ಲಿ ಮುಟ್ಟಿಸಿ ನೋಡಿಸುತ್ತಿದ್ದಳು.

ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಬೇರೆ ಜಿಲ್ಲೆಯ ಆಸ್ಪತ್ರೆಯೊಂದರ ಕಂಪ್ಯೂಟರುಗಳಿಗೆ ಯಾರೋ ಕಳ್ಳರು ದೂರದಿಂದಲೇ ನುಗ್ಗಿ, ಎಲ್ಲ ಮಾಹಿತಿಗೂ ಬೀಗ ಜಡಿದುಬಿಟ್ಟಿದ್ದಾರೆ ಎಂಬ ಸುದ್ದಿ ಹಬ್ಬಿತು. ಟ್ರಸ್ಟಿನವರು ಗಾಬರಿಯಾದರು. ಹೊರಗಿನಿಂದ ತಪಾಸಣೆಯವರನ್ನು ಕರೆಸಿದರು. ಅವರು ಹೇಮಾಳ ಸರ್ವರನ್ನು ನೋಡಿ, ಭದ್ರತೆಯ ಅಪ್‌ಡೇಟುಗಳನ್ನು ಬಹಳ ಕಾಲದಿಂದ ಹಾಕಿಯೇ ಇಲ್ಲ ಎಂದು ಬರೆದುಕೊಟ್ಟು ಹೋದರು.

ಅದು ನಿಜವಾಗಿತ್ತು. ಹಾಕದೆ ಬಿಟ್ಟವಳು ಹೇಮಾಳೇ. ಯಂತ್ರ ಹಳೆಯದು, ಅದರ ಮೇಲೆ ಓಡುವ ಆಸ್ಪತ್ರೆಯ ಪ್ರೋಗ್ರಾಮು ಇನ್ನೂ ಹಳೆಯದು, ಸುಮ್ಮನೆ ಓಡುತ್ತಿರುವುದನ್ನು ಮುಟ್ಟಿ ಕೆಡಿಸುವುದು ಬೇಡ ಎಂಬ ಹೆದರಿಕೆ ಅವಳಿಗೆ. ಆಡಳಿತಾಧಿಕಾರಿ ಗವಿಸಿದ್ದೇಶ್ ಅವಳನ್ನು ಕರೆದು, ಇನ್ನು ತಡಮಾಡುವ ಹಾಗಿಲ್ಲ, ಬರುವ ಭಾನುವಾರವೇ ಎಲ್ಲವನ್ನೂ ಹಾಕಿಬಿಡಬೇಕು ಎಂದರು. ಗವಿಸಿದ್ದೇಶ್ ಕೆಟ್ಟ ಮನುಷ್ಯರೇನಲ್ಲ. ಮೇಲಿನವರ ಫೋನು ಬಂದರೆ ಎದ್ದು ನಿಂತು ಮಾತಾಡುವ ಸ್ವಭಾವ, ಅಷ್ಟೇ. ಮೊದಲು ಇನ್ನೊಂದು ಯಂತ್ರದಲ್ಲಿ ಹಾಕಿ ನೋಡೋಣ ಸರ್, ಅಂತ ಹೇಮಾ ಕೇಳಿಕೊಂಡಳು. ಇನ್ನೊಂದು ಯಂತ್ರ ಎಲ್ಲಿದೆ ಎಂದು ಅವರು ಕೇಳಿದರು. ಇರಲಿಲ್ಲ.

ಭಾನುವಾರ ಬೆಳಿಗ್ಗೆಯೇ ಬಂದು ಕೂತಳು. ಮೊದಲು ಪೂರ್ತಿ ಬ್ಯಾಕಪ್ ತೆಗೆದಳು, ಅಂದರೆ ಸರ್ವರಿನಲ್ಲಿದ್ದ ಎಲ್ಲದರ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಇಳಿಸಿದಳು. ಆಮೇಲೆ ಅಪ್‌ಡೇಟುಗಳನ್ನು ಒಂದರ ಹಿಂದೊಂದು ಹಾಕುತ್ತ ಹೋದಳು. ಯಂತ್ರ ಆರಿಸಿ ಮತ್ತೆ ಚಾಲೂ ಮಾಡುವಾಗಲೆಲ್ಲ ಪರದೆಯನ್ನೇ ನೋಡುತ್ತಿದ್ದಳು. ಪ್ರತಿ ಸಲವೂ ಎದ್ದು ಕೂತಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು. ಪ್ರದೀಪ ಮಗನನ್ನು ಕರೆದುಕೊಂಡು ಬಂದಿದ್ದ. ಮೂವರೂ ದಾರಿಯಲ್ಲಿ ನಿಂತು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಮನೆಗೆ ಹೋದರು. ಸೋಮವಾರ ಆಸ್ಪತ್ರೆ ತುಂಬಿ ತುಳುಕಿತು, ಸರ್ವರ್ ಒಂದು ಚೂರೂ ತಡವರಿಸಲಿಲ್ಲ. ಇಷ್ಟು ವರ್ಷ ಸುಮ್ಮನೆ ಹೆದರಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಮಂಗಳವಾರ ಹೊರರೋಗಿಗಳ ಗದ್ದಲದ ನಡುವೆ ಡೇಟಾಬೇಸ್ ನಿಂತುಹೋಯಿತು. ಯಂತ್ರದ ದೀಪ ಉರಿಯುತ್ತಲೇ ಇತ್ತು, ಒಳಗಿನ ಡೇಟಾಬೇಸ್ ಮಾತ್ರ ಸತ್ತಂತೆ ಬಿದ್ದು, ಸ್ವಲ್ಪ ಹೊತ್ತಿಗೆ ತಾನಾಗಿಯೇ ಎದ್ದಿತು. ಕೌಂಟರಿನವರು, ಲ್ಯಾಬಿನವರು, ಸಿರುಗುಪ್ಪದವರು, ಕುರುಗೋಡಿನವರು ಎಲ್ಲರೂ ಒಟ್ಟಿಗೆ ಫೋನು ಮಾಡಿದರು. ಸಂಜೆ ಮತ್ತೆ ಬಿತ್ತು. ಮರುದಿನ ಎರಡು ಮೂರು ಸಲ.

ಹೇಮಾ ಲಾಗ್ ತೆಗೆದು ನೋಡಿದಳು. ಬೀಳುವ ಮುಂಚೆ ಏನಾಯಿತು ಎಂದು ಯಂತ್ರವೇ ಬರೆದಿಟ್ಟುಕೊಳ್ಳುವ ಸಾಲುಗಳು ಅವು. ಮೆಮೊರಿಯ ಒಂದು ಜಾಗವನ್ನು ಓದಲಾಗಲಿಲ್ಲ ಎಂದಿತ್ತು. ಡೇಟಾಬೇಸ್ ಬಳಸುವ ಮೆಮೊರಿಗೆ ಮಿತಿ ಹಾಕಿದಳು. ಎರಡು ದಿನ ಚೆನ್ನಾಗಿ ಓಡಿ ಮತ್ತೆ ಬಿತ್ತು. ಅಪ್‌ಡೇಟಿನ ಜೊತೆ ಬಂದ ವೈರಸ್ ಕಾವಲಿನ ಪ್ರೋಗ್ರಾಮು ಡೇಟಾಬೇಸಿನ ಫೈಲುಗಳನ್ನು ಪದೇಪದೇ ತಡವುತ್ತಿರಬಹುದು ಎಂದು ಅನುಮಾನ ಬಂತು. ಆ ಫೈಲುಗಳ ತಂಟೆಗೆ ಹೋಗದಂತೆ ಅದನ್ನು ಕಟ್ಟಿಹಾಕಿದಳು. ವಾರದ ಕೊನೆಯವರೆಗೆ ತಡೆಯಿತು, ಆಮೇಲೆ ಅದೇ ಹಾಡು. ಡಿಸ್ಕನ್ನು ನಡೆಸುವ ಡ್ರೈವರ್ ಪ್ರೋಗ್ರಾಮನ್ನು ಬದಲಿಸಿದಳು. ಬಿಸಿಲಿಗೆ ಎಸಿ ಸೋತಿದೆಯೇನೋ ಎಂದು ಮೆಕ್ಯಾನಿಕ್ಕನ್ನು ಕರೆಸಿ ಎಸಿ ಎರಡನ್ನೂ ಬಿಚ್ಚಿಸಿ ತೊಳೆಸಿದಳು. ಯುಪಿಎಸ್ ಬದಲಿಸಿ ನೋಡಿದಳು. ಏನು ಮಾಡಿದರೂ ಸ್ವಲ್ಪ ದಿನ ಸರಿಹೋದಂತೆ ಕಾಣುತ್ತಿತ್ತು. ಅದೇ ಅವಳನ್ನು ಹಣ್ಣು ಮಾಡಿದ್ದು. ಒಂದೇ ಸಮ ಕೆಟ್ಟಿದ್ದರೆ ಕೈಚೆಲ್ಲಬಹುದಿತ್ತು. ಇದು ಪ್ರತಿ ಸಲವೂ ಸಿಕ್ಕಿತು ಅನಿಸುವ ಹಾಗೆ ಮಾಡಿ ಬೀಳುತ್ತಿತ್ತು.

ಆಸ್ಪತ್ರೆಯ ಪ್ರೋಗ್ರಾಮು ಮಾಡಿಕೊಟ್ಟ ಹೈದರಾಬಾದಿನ ಕಂಪನಿಗೆ ಫೋನು ಹಚ್ಚಿದರೆ, ಅಲ್ಲಿನ ಹುಡುಗ ತೆಲುಗಿನಲ್ಲಿ ಸಮಾಧಾನ ಹೇಳಿ, ದೋಷ ನಿಮ್ಮ ಯಂತ್ರದ್ದು ಎಂದ. ಯಂತ್ರದ ಕಂಪನಿಯವನು ಹುಬ್ಬಳ್ಳಿಯಿಂದ ಬಂದು ಎಲ್ಲ ಪರೀಕ್ಷೆ ಮಾಡಿ, ಯಂತ್ರ ಕಲ್ಲಿನ ಹಾಗೆ ಇದೆ, ದೋಷ ಅಪ್‌ಡೇಟಿನದು ಎಂದ. ಅಪ್‌ಡೇಟ್ ಕಳಿಸಿದವರಿಗೆ ಬರೆದರೆ ಅವರು ಲಾಗುಗಳನ್ನು ತರಿಸಿಕೊಂಡು, ನಮ್ಮಲ್ಲಿ ಇಂಥ ತೊಂದರೆ ಕಾಣಿಸುತ್ತಿಲ್ಲ, ದೋಷ ಪ್ರೋಗ್ರಾಮಿನದಿರಬೇಕು ಎಂದು ವಿನಯದಿಂದ ಉತ್ತರ ಬರೆದರು. ಮೂವರ ಮಾತೂ ಕೇಳಿದರೆ ನಿಜವೆನಿಸುತ್ತಿತ್ತು.

ಒಂದು ದಿನ ಅವಳು ಕುರುಗೋಡಿಗೆ ಹೋದಳು. ಸರ್ವರ್ ಬಿದ್ದಾಗ ಆ ಕಡೆ ಏನಾಗುತ್ತದೆ ಎಂದು ಕಣ್ಣಾರೆ ನೋಡಬೇಕಿತ್ತು. ಕೇಂದ್ರದ ಜಗಲಿಯಲ್ಲಿ ಬೆಳಿಗ್ಗೆಯಿಂದ ಬಂದು ಕೂತವರಿದ್ದರು. ಪರದೆಯ ಮೇಲೆ ಸುತ್ತುವ ಚಕ್ರ ಬಿಟ್ಟರೆ ಏನೂ ಇರಲಿಲ್ಲ. ಟೆಕ್ನಿಶಿಯನ್ನುಗಳು ಸಿಕ್ಕ ಹಾಳೆಯ ಮೇಲೆ ತೂಕ, ಬಿಪಿ ಬರೆದುಕೊಂಡು, ಆಮೇಲೆ ಕಂಪ್ಯೂಟರಿಗೆ ಏರಿಸಿದರಾಯಿತು ಎಂದು ಕೆಲಸ ನಡೆಸಿದ್ದರು. ಅಕ್ಕನಾಗಮ್ಮ ಎಂಬ ಹೆಂಗಸು ಊದಿದ ಕಾಲು ಚಾಚಿಕೊಂಡು ಗೋಡೆಗೆ ಒರಗಿದ್ದಳು. ಹೇಮಾ ಆಸ್ಪತ್ರೆಯವಳೆಂದು ಅವಳ ಕೊರಳಿನ ಕಾರ್ಡು ನೋಡಿ ತಿಳಿದು ಹತ್ತಿರ ಕರೆದಳು.

"ನೀವು ಬಳ್ಳಾರಿಯಿಂದ ಬಂದೀರೇನ್ರಿ? ಅಲ್ಲಿ ಮಿಷಿನ್ ನೋಡೋರು ಯಾರದಾರ, ಅವ್ರಿಗೆ ಒಂದ್ ಮಾತು ಹೇಳ್ರಿ. ನಮ್ಗ ಹೊತ್ತು ಹೋದಂಗ ಉಸ್ರು ಕಟ್ಟತೈತಿ ಅಂತ ಹೇಳ್ರಿ."

ಹೇಳ್ತೀನಿ ಅಮ್ಮಾ ಎಂದಳು ಹೇಮಾ. ಆ ಮಿಷಿನ್ ನೋಡುವವಳು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಬಸ್ಸಿನಲ್ಲಿ ಬರುವಾಗ ಕಿಟಕಿಯ ಆಚೆ ಬಂಡೆಗುಡ್ಡಗಳು ಕಾದು ನಡುಗುತ್ತಿದ್ದವು. ಅವಳು ಅಂದೇ ಗಟ್ಟಿಮನಸ್ಸು ಮಾಡಿದಳು. ಹಾಕಿದ ಅಪ್‌ಡೇಟುಗಳನ್ನು ಒಂದೊಂದಾಗಿ ಹಿಂದಕ್ಕೆ ತೆಗೆಯುವುದು, ಯಾವುದನ್ನು ತೆಗೆದಾಗ ನಿಲ್ಲುತ್ತದೋ ಅದೇ ಕಳ್ಳ.

ಗವಿಸಿದ್ದೇಶ್ ಮೊದಲು ಒಪ್ಪಲಿಲ್ಲ. ತಪಾಸಣೆಯವರು ಮತ್ತೆ ಬಂದರೆ ಏನು ಉತ್ತರ ಕೊಡಲಿ ಎಂದರು. ಹೇಮಾ ಅಕ್ಕನಾಗಮ್ಮನ ಮಾತನ್ನು ಇದ್ದಹಾಗೆ ಅವರಿಗೆ ಹೇಳಿದಳು. ಅವರು ಪೆನ್ನಿನ ಮುಚ್ಚಳ ತಿರುವುತ್ತ, ಆಯ್ತು ತೆಗೀರಿ, ಆದರೆ ನಾನು ಹೇಳಿದೆ ಅನ್ನಬೇಡಿ ಎಂದರು.

ಮೂರನೆಯದನ್ನು ತೆಗೆದಾಗ ಸರ್ವರ್ ನಿಂತಿತು, ಅಂದರೆ ಬೀಳದೆ ನಿಂತಿತು. ಒಂದು ದಿನ, ಎರಡು ದಿನ, ವಾರ ದಾಟಿತು. ಹೇಮಾ ಊಟದ ಡಬ್ಬಿಯನ್ನು ಪೂರ್ತಿ ಖಾಲಿ ಮಾಡತೊಡಗಿದಳು. ಕರೂರಿಗೆ ಹೋಗಿ ಒಂದು ದಿನ ಇದ್ದು ಬಂದಳು. ಮಾರೆಮ್ಮ ಆಗ ಒಳ್ಳೇ ಗೆಲುವಾಗಿದ್ದಳು. ಬಾಯಿಗೆ ರುಚಿ ಹತ್ತಿತ್ತು, ಕೆನ್ನೆ ತುಂಬಿಕೊಂಡಿತ್ತು. ಡಾಕ್ಟರು ನೋಡಿ, ಈಕೆ ಮೈ ಹಿಡಿದಿದ್ದಾಳೆ, ಡ್ರೈ ವೇಟ್ ಏರಿಸಿ ಎಂದು ಸೌಂದರ್ಯಳಿಗೆ ಹೇಳಿದ್ದರು. ಡಯಾಲಿಸಿಸ್ ಮಾಡುವಾಗ ಮೈಯ ನೀರನ್ನು ಎಷ್ಟು ತೂಕದವರೆಗೆ ಇಳಿಸಬಹುದು ಎಂಬ ಗಡಿ ಅದು. ಅದಕ್ಕಿಂತ ಕೆಳಗೆ ಎಳೆದರೆ ಬಿಪಿ ಕುಸಿಯುತ್ತದೆ. ಸೌಂದರ್ಯ ಆ ದಿನ ಸರ್ವರ್ ಚೆನ್ನಾಗಿ ಓಡುತ್ತಿದ್ದುದರಿಂದ ಹಾಳೆಯ ಮೇಲೆ ಬರೆಯದೆ ನೇರವಾಗಿ ಕಂಪ್ಯೂಟರಿನಲ್ಲೇ ತಿದ್ದಿದಳು.

ಆಮೇಲೆ ಒಂದು ಗುರುವಾರ ಡೇಟಾಬೇಸ್ ಬಿದ್ದಿತು, ಈ ಸಲ ಏಳಲಿಲ್ಲ.

ಹೇಮಾ ನೋಡಿದರೆ, ತಾನು ತೆಗೆದಿದ್ದ ಅಪ್‌ಡೇಟ್ ಮತ್ತೆ ಯಂತ್ರದಲ್ಲಿ ಕೂತಿತ್ತು. ಟ್ರಸ್ಟಿನವರು ಹೊಸದಾಗಿ ಹಾಕಿಸಿದ್ದ ಭದ್ರತೆಯ ಪ್ರೋಗ್ರಾಮು ಆ ಅಪ್‌ಡೇಟ್ ಇಲ್ಲದ್ದನ್ನು ಕಂಡು ತಾನಾಗಿ ತಂದು ಹಾಕಿತ್ತು. ಆದರೆ ಅದನ್ನು ಮತ್ತೆ ಕಿತ್ತೆಸೆದರೂ ಡೇಟಾಬೇಸ್ ಬಾಗಿಲು ತೆರೆಯಲಿಲ್ಲ. ಅಷ್ಟು ಸಲ ಬಿದ್ದೆದ್ದು ಒಳಗಿನ ಪುಟಗಳು ಹರಿದಿದ್ದವು. ಬ್ಯಾಕಪ್‌ನಿಂದ ಎಬ್ಬಿಸೋಣವೆಂದು ನಿನ್ನೆಯದನ್ನು ತೆಗೆದಳು. ಅದರಲ್ಲೂ ಹರುಕು. ಅದರ ಹಿಂದಿನದು, ಅದಕ್ಕೂ ಹಿಂದಿನದು, ಎಲ್ಲದರೊಳಗೂ ಅದೇ ಹರುಕು ಕೂತಿತ್ತು. ದಿನದಿನವೂ ಬ್ಯಾಕಪ್ ಮುಗಿಯಿತು ಎಂಬ ಹಸಿರು ಗುರುತನ್ನು ಅವಳು ನೋಡುತ್ತಿದ್ದಳು. ಒಳಗಿರುವುದು ಸರಿಯಿದೆಯೇ ಎಂದು ತೆರೆದು ನೋಡಲು ಆ ಗಡಿಬಿಡಿಯಲ್ಲಿ ಆಗಿರಲಿಲ್ಲ. ಕೊನೆಗೆ ಸರಿಯಾಗಿ ಸಿಕ್ಕಿದ್ದು ಆ ಭಾನುವಾರ ಅಪ್‌ಡೇಟ್ ಹಾಕುವ ಮುಂಚೆ ತೆಗೆದ ಪ್ರತಿ ಒಂದೇ.

ಬೇರೆ ದಾರಿಯಿರಲಿಲ್ಲ, ಅದನ್ನೇ ಎಬ್ಬಿಸಿದಳು. ಆ ಭಾನುವಾರದಿಂದ ಈಚೆ ಸೇರಿದ್ದೆಲ್ಲವನ್ನೂ ಪ್ರಿಂಟುಗಳಿಂದ, ಹಾಳೆಗಳಿಂದ, ಲ್ಯಾಬಿನ ಚೀಟಿಗಳಿಂದ ಮತ್ತೆ ಏರಿಸಬೇಕಾಯಿತು. ಮೂರೂ ಊರಿನ ಸಿಬ್ಬಂದಿ ಗೊಣಗುತ್ತ ಏರಿಸಿದರು. ಹಾಳೆಯ ಮೇಲಿದ್ದದ್ದು ಬಂತು. ಹಾಳೆಗೆ ಇಳಿಯದೆ ಇದ್ದದ್ದು ಬರಲಿಲ್ಲ, ಮತ್ತು ಏನು ಬಂದಿಲ್ಲ ಎಂದು ತಿಳಿಯಲು ಯಾರಿಗೂ ದಾರಿಯಿರಲಿಲ್ಲ.

ಆ ವಾರ ಸೌಂದರ್ಯ ತಮ್ಮನ ಮದುವೆಗೆಂದು ರಜೆ ಹಾಕಿದ್ದಳು. ಅವಳ ಬದಲಿಗೆ ಬಳ್ಳಾರಿಯಿಂದ ಒಬ್ಬ ಟೆಕ್ನಿಶಿಯನ್ ಹೋಗಿದ್ದ. ಅವನು ಹೊಸಬ, ಪರದೆಯ ಮೇಲೆ ಇದ್ದ ತೂಕಕ್ಕೆ ಯಂತ್ರ ಹೊಂದಿಸಿದ. ಮುಗಿಯಲು ಇನ್ನೂ ಹೊತ್ತಿರುವಾಗ ಮಾರೆಮ್ಮ ಮೀನಖಂಡ ಸೆಳೆಯುತ್ತಿದೆ, ಇವತ್ತು ಜಾಸ್ತಿ ಎಳೆದಂತಿದೆ ಎಂದಳಂತೆ. ಅವನು ಇನ್ನೊಮ್ಮೆ ಪರದೆ ನೋಡಿ, ಸರಿ ಐತಮ್ಮಾ ಎಂದ. ಸ್ವಲ್ಪ ಹೊತ್ತಿಗೆ ಅವಳ ಕಣ್ಣು ಮೇಲಾದವು. ಬಿಪಿ ಪಾತಾಳಕ್ಕೆ ಇಳಿದಿತ್ತು. ಓಡಿಬಂದು ಯಂತ್ರ ನಿಲ್ಲಿಸಿ, ಸಲೈನ್ ಬಿಟ್ಟು, ಕಾಲು ಮೇಲೆತ್ತಿ ಅಂತೂ ಎಚ್ಚರಿಸಿದರು. ಸಂಜೆ ನಂದಿನಿ ಅವಳನ್ನು ಆಟೊದಲ್ಲಿ ಕರೂರಿಗೆ ಕರೆದುಕೊಂಡು ಬಂದಳು. ಗಾಬರಿಪಡಿಸುವುದು ಬೇಡವೆಂದು ಅಕ್ಕನಿಗೆ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಮಾರೆಮ್ಮ ಕಿರಿಯ ಮಗಳನ್ನು ಕೂಗಿ ಎಡಗೈ ಮುಂದೆ ಚಾಚಿದಳು.

"ಮುಟ್ಟಿ ನೋಡಲೇ. ನನ್ಗ ಗೊತ್ತಾಗವಲ್ದೋ, ಇಲ್ಲಾ ನಿಂತೈತೋ."

ನಂದಿನಿ ಮುಟ್ಟಿದಳು, ಕಿವಿಯಿಟ್ಟು ಕೇಳಿದಳು. ಕೈ ತಣ್ಣಗಿತ್ತು. ಝುಮ್ ಎನ್ನುವುದು ನಿಂತಿತ್ತು.

ಬಳ್ಳಾರಿಗೆ ತಂದರು. ಬಿಪಿ ಅಷ್ಟು ಇಳಿದಾಗ ಕೂಡಿಸಿದ ನರದೊಳಗೆ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ಬಿಡಿಸಲು ನೋಡಿದರು, ಆಗಲಿಲ್ಲ. ಬಲಗೈಯ ನರಗಳು ಸಣ್ಣ, ಅಲ್ಲಿ ಮಾಡಲು ಬರುವುದಿಲ್ಲ. ಕುತ್ತಿಗೆಗೆ ಪೈಪು ಹಾಕಿ ಅದರ ಮೂಲಕ ಡಯಾಲಿಸಿಸ್ ಮುಂದುವರಿಸಿದರು. ಆ ಪೈಪಿಗೆ ನಂಜಾಗುವ ಭಯ ಯಾವಾಗಲೂ ಇರುತ್ತದೆ, ಜೋಪಾನ ಎಂದರು.

ಮದುವೆ ಮುಗಿಸಿಕೊಂಡು ಬಂದ ಸೌಂದರ್ಯ ಹೇಮಾಳಿಗೆ ಫೋನು ಮಾಡಿದಳು.

"ಮೇಡಂ, ಅಮ್ಮಂದು ಡ್ರೈ ವೇಟ್ ನಾನ ಏರಿಸಿದ್ದೆ. ಡಾಕ್ಟರು ಹೇಳಿದ ದಿನಾನ ಕಂಪ್ಯೂಟರ್‌ನ್ಯಾಗ ತಿದ್ದಿದ್ದೆ. ಈಗ ನೋಡಿದ್ರ ಹಳೇದ ಐತಿ."

ಹೇಮಾ ಸರ್ವರ್ ಕೋಣೆಯಲ್ಲಿದ್ದಳು. ತಾಯಿಯ ಹೆಸರು ಹೊಡೆದು ತೆರೆದು ನೋಡಿದಳು. ಭಾನುವಾರದ ಹಿಂದಿನ ತೂಕ ಅಲ್ಲಿ ಇದ್ದಹಾಗೇ ಇತ್ತು. ಆ ಸಾಲನ್ನು ಎಬ್ಬಿಸಿ ಕೂರಿಸಿದವಳು ತಾನೇ. ಆದರೆ ಆ ಪಟ್ಟಿಯಲ್ಲಿ ಮಾರೆಮ್ಮ ಒಬ್ಬಳೇ ಇರಲಿಲ್ಲ. ಎರಡೂ ಕೇಂದ್ರಗಳಿಗೆ ಫೋನು ಮಾಡಿ, ಇವತ್ತಿನಿಂದ ಪರದೆಯ ಮೇಲಿನ ತೂಕವನ್ನು ಯಾರೂ ನಂಬಬೇಡಿ, ಒಬ್ಬೊಬ್ಬ ರೋಗಿಯನ್ನೂ ಡಾಕ್ಟರಿಂದ ಹೊಸದಾಗಿ ನೋಡಿಸಿ ಬರೆಸಿ ಎಂದಳು. ನೋಡಿಸಿದಾಗ ಇನ್ನೂ ಕೆಲವರದು ತಪ್ಪಿತ್ತು. ಕುರುಗೋಡಿನ ಅಕ್ಕನಾಗಮ್ಮನದೂ ಅದರಲ್ಲಿ ಒಂದು. ಅವಳ ಸರದಿ ಮರುದಿನವಿತ್ತು. ಅದೊಂದು ಕೈ ಜಾರುವ ಮುಂಚೆ ಸಿಕ್ಕಿತು.

ಗವಿಸಿದ್ದೇಶ್ ಬಾಗಿಲು ಮುಚ್ಚಿ ಅವಳ ಮಾತು ಕೇಳಿದರು. ಎಲ್ಲ ತಿದ್ದಿಯಾಯಿತಲ್ಲ, ಇನ್ನು ಇದನ್ನು ಬರವಣಿಗೆಯಲ್ಲಿ ತರುವುದು ಬೇಡ ಎಂದರು. ಡಾಕ್ಟರು ಕೂಡ, ವಯಸ್ಸಾದ ಸಕ್ಕರೆ ಕಾಯಿಲೆಯವರಲ್ಲಿ ಹೀಗೆ ಹೆಪ್ಪುಗಟ್ಟುವುದು ಇದ್ದದ್ದೇ, ಆ ಒಂದು ದಿನದಿಂದಲೇ ಆಯಿತು ಎಂದು ಹೇಳಲಾಗದು ಎಂದರು. ಅವರು ಅವಳನ್ನು ಸಮಾಧಾನ ಮಾಡಲು ಹೇಳಿದರೋ, ನಿಜವೇ ಹಾಗೋ, ಅವಳಿಗೆ ಗೊತ್ತಾಗಲಿಲ್ಲ. ಸರ್ವರ್ ಏಕೆ ಬೀಳುತ್ತಿತ್ತು ಎಂಬುದಕ್ಕೆ ಮೂರು ಉತ್ತರ ಸಿಕ್ಕ ಹಾಗೆ ಇದಕ್ಕೂ ಸಿಗುತ್ತಿತ್ತು.

ಮಾರೆಮ್ಮ ಈಗ ಬಳ್ಳಾರಿಯಲ್ಲೇ ಉಳಿದಳು. ಬೇಡವೆಂದಿದ್ದ ಪೇಟೆಯ ಮನೆಯ ನಡುಕೋಣೆಯಲ್ಲಿ ಮಲಗಿ, ಮೊಮ್ಮಗ ಶಾಲೆಯಿಂದ ಬರುವ ದಾರಿ ನೋಡುತ್ತಿದ್ದಳು. ಪ್ರದೀಪ ಡ್ಯೂಟಿ ಬದಲಿಸಿಕೊಂಡು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುತ್ತಿದ್ದ. ನಂದಿನಿ ನಾಟಿ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬರುತ್ತಿದ್ದಳು. ಪೈಪಿನ ಸುತ್ತ ಒಂದು ಸಲ ಕೀವಾಯಿತು, ವಾಸಿಯಾಯಿತು. ಇನ್ನೊಂದು ಸಲ ಚಳಿಜ್ವರ ಬಂತು. ಆಮೇಲೆ ನಂಜು ರಕ್ತಕ್ಕೆ ಇಳಿಯಿತು. ಐಸಿಯುಗೆ ಹಾಕಿದರು.

ಅಲ್ಲಿಯ ಕಾರಿಡಾರಿನಲ್ಲಿ ಅಕ್ಕತಂಗಿಯರು ಒಂದೇ ಬೆಂಚಿನ ಮೇಲೆ ಕೂತಿದ್ದರು. ನಂದಿನಿಯ ಉಗುರಿನ ಸಂದಿಯಲ್ಲಿ ಗದ್ದೆಯ ಕೆಸರು ಇನ್ನೂ ಇತ್ತು. ಸೌಂದರ್ಯ ಅಷ್ಟರಲ್ಲಿ ಅವಳಿಗೆ ಎಲ್ಲ ಹೇಳಿದ್ದಳು. ಮುಚ್ಚಿಡುವ ಹುಡುಗಿಯಲ್ಲ ಅವಳು.

"ಅಕ್ಕಾ, ಆ ಮಿಷಿನ್ ನೋಡಾಕಿ ನೀನ ಅಲ್ಲೇನ?" ಎಂದು ನಂದಿನಿ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಹೇಮಾ ಹೌದೆಂದು ತಲೆಯಾಡಿಸಿದಳು.

"ಮತ್ತ ಅದು ಯಾಕ ಕೆಟ್ಟಿತು?"

"ಗೊತ್ತಿಲ್ಲ ನಂದಿನಿ."

"ಅಷ್ಟು ಓದಿದಾಕಿ ನೀನು. ನಿನ್ಗ ಗೊತ್ತಿಲ್ಲಂದ್ರ ಯಾರಿಗೆ ಗೊತ್ತಿರತೈತಿ?"

ಮೆಮೊರಿ, ಡ್ರೈವರು, ಅಪ್‌ಡೇಟು ಎಂದು ತಂಗಿಗೆ ಏನು ಹೇಳಿದರೂ ಅದು ತಪ್ಪಿಸಿಕೊಳ್ಳುವ ಮಾತಾಗುತ್ತಿತ್ತು. ಇಷ್ಟು ವರ್ಷ ಆಡದೆ ಉಳಿದಿದ್ದ ಮಾತು ಇವತ್ತು ಬೇರೆ ದಾರಿಯಿಂದ ಹೊರಗೆ ಬಂದಿದೆ ಎಂದು ಇಬ್ಬರಿಗೂ ತಿಳಿಯಿತು. ನಂದಿನಿ ಮುಖ ಆಚೆ ತಿರುಗಿಸಿಕೊಂಡಳು. ಆಮೇಲೆ ಎದ್ದು ಹೋಗಿ ಚಹಾ ತಂದು, ಒಂದು ಲೋಟವನ್ನು ಅಕ್ಕನ ಪಕ್ಕದಲ್ಲಿಟ್ಟಳು. ಕೈಗೆ ಕೊಡಲಿಲ್ಲ.

ಮಾರೆಮ್ಮನಿಗೆ ಒಂದು ದಿನ ಎಚ್ಚರ ಚೆನ್ನಾಗಿ ಬಂತು. ಇಬ್ಬರನ್ನೂ ಒಳಗೆ ಬಿಟ್ಟರು. ಅವಳು ಯಾರನ್ನೂ ಏನೂ ಕೇಳಲಿಲ್ಲ. ಹೇಮಾಳನ್ನು ನೋಡಿ ಮೆಲ್ಲಗೆ, "ನಿನ್ನ ಪೆಟಿಗಿ ಸರಿಹೋತೇನವ್ವಾ? ಭಾಳ ದಿನದಿಂದ ಅದರ ಸಂಬಂಧ ಊಟ ಬಿಟ್ಟಿದ್ದಿ" ಎಂದಳು.

"ಸರಿಹೋತವ್ವಾ" ಎಂದಳು ಹೇಮಾ.

ಸರಿಹೋಗಿರಲಿಲ್ಲ. ಕಳ್ಳನೆಂದುಕೊಂಡಿದ್ದ ಅಪ್‌ಡೇಟನ್ನು ತೆಗೆದಿದ್ದರೂ ಸರ್ವರ್ ಆ ದಿನವೂ ಬೆಳಿಗ್ಗೆ ಎರಡು ಸಲ ಬಿದ್ದಿತ್ತು. ನಂದಿನಿ ಅಕ್ಕನ ಕಡೆ ನೋಡಿ, ಅವ್ವನ ಹೊದಿಕೆ ಸರಿಮಾಡಿದಳು. ವಾರ ಕಳೆಯುವಷ್ಟರಲ್ಲಿ ಮಾರೆಮ್ಮ ಹೋದಳು. ಕರೂರಿಗೆ ಒಯ್ದು, ಸುಂಕಣ್ಣನ ಪಕ್ಕದಲ್ಲೇ ಮಣ್ಣು ಮಾಡಿದರು. ಕೇರಿಯ ಹಿರಿಯರೊಬ್ಬರು ಬುದ್ಧವಂದನೆ ಹೇಳಿದರು. ಸೌಂದರ್ಯ ಬಂದಿದ್ದಳು, ಗುಂಪಿನ ಹಿಂದೆ ನಿಂತು ಅತ್ತು ಹೋದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಟ್ರಸ್ಟಿನವರು ಎಲ್ಲವನ್ನೂ ಹೊರಗಿನ ಕಂಪನಿಯೊಂದಕ್ಕೆ ಒಪ್ಪಿಸಿದರು. ಮಾಹಿತಿಯೆಲ್ಲ ಈಗ ಬೇರೆ ಎಲ್ಲೋ ಇರುವ ಯಂತ್ರಗಳಿಗೆ ಹೋಯಿತು. ಹಳೇ ಸರ್ವರನ್ನು ಆರಿಸುವ ದಿನ ಹೇಮಾ ಗವಿಸಿದ್ದೇಶರನ್ನು ಒಂದೇ ಒಂದು ಮಾತು ಕೇಳಿಕೊಂಡಳು. ಇದನ್ನು ಗುಜರಿಗೆ ಹಾಕಬೇಡಿ, ನನಗೆ ಇನ್ನೂ ಸ್ವಲ್ಪ ದಿನ ಕೊಡಿ, ಏಕೆ ಬೀಳುತ್ತಿತ್ತು ಎಂದು ಹುಡುಕುತ್ತೇನೆ ಎಂದಳು. ಅವರು ಅಚ್ಚರಿಯಿಂದ ನೋಡಿದರು. ಇನ್ನು ಗೊತ್ತಾಗಿ ಏನಾಗಬೇಕು ಹೇಮಾ ಎಂದರು. ಆದರೂ ಬೇಡವೆನ್ನಲಿಲ್ಲ. ಅವಳು ಮಧ್ಯಾಹ್ನದ ಬಿಡುವಿನಲ್ಲೆಲ್ಲ ಅದರ ಮುಂದೆ ಕೂತು ಎಲ್ಲ ಅಪ್‌ಡೇಟುಗಳನ್ನೂ ಮತ್ತೆ ಹಾಕಿದಳು, ತೆಗೆದಳು, ಸುಳ್ಳು ರೋಗಿಗಳ ಹೆಸರು ತುಂಬಿ ಭಾರ ಹಾಕಿದಳು. ಯಾರೂ ಬಳಸದ ಆ ಯಂತ್ರ ಒಂದು ಸಲವೂ ಬೀಳಲಿಲ್ಲ. ಕೊನೆಗೆ ಆ ಕೋಣೆ ಔಷಧದ ದಾಸ್ತಾನಿಗೆ ಬೇಕಾಯಿತು. ಯಂತ್ರವನ್ನು ಗುಜರಿಯವರು ಆಟೊದಲ್ಲಿ ಹಾಕಿ ಒಯ್ದರು.

ಹೇಮಾಳ ಕೆಲಸ ಹೋಗಲಿಲ್ಲ. ಅವಳನ್ನು ಕುರುಗೋಡಿನ ಕೇಂದ್ರದ ಕೌಂಟರಿಗೆ ಹಾಕಿದರು, ಸೇರಿದಾಗ ಮಾಡುತ್ತಿದ್ದ ಕೆಲಸವೇ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಶರಣ ಒಮ್ಮೆ ಫೋನು ಮಾಡಿ, ಬೇರೆ ಕಡೆ ಡೇಟಾಬೇಸ್ ಕೆಲಸ ಖಾಲಿಯಿದೆ, ನಿನ್ನ ಹೆಸರು ಹೇಳಲೇ ಎಂದು ಕೇಳಿದ. ಬೇಡ ಸರ್ ಎಂದಳು. ಅವನು ಏಕೆ ಎಂದು ಕೇಳಿದಾಗ ಅವನ ಮನೆಯವರ ಕ್ಷೇಮ ವಿಚಾರಿಸಿದಳು. ರೋಗಿ ಬಂದು ಕೂತರೆ ಹೆಸರು ಕೇಳುತ್ತಾಳೆ, ತೂಕ ನೋಡಿಸುತ್ತಾಳೆ. ಪರದೆಯಲ್ಲಿ ಇರುವುದನ್ನು ಅವರಿಗೇ ಓದಿ ಹೇಳಿ, ಹೌದೇನು ಎಂದು ಕೇಳುತ್ತಾಳೆ. ಅಲ್ಲಿಯವರಿಗೆ ಅದು ತಲೆನೋವು. ಇವರಿಂದ ಸಾಲು ನಿಧಾನವಾಗುತ್ತದೆ ಎಂದು ದೂರು ಹೋಗಿದೆ.

ಸುಗ್ಗಿ ಮುಗಿದ ಮೇಲೆ ಒಂದು ಭಾನುವಾರ ಅವಳು ಕರೂರಿಗೆ ಹೋದಳು. ನಂದಿನಿ ಅನ್ನ ಸಾರು ಬಡಿಸಿದಳು. ಸಮ್ರಾಟ್ ಹೇಗೆ ಓದುತ್ತಿದ್ದಾನೆ ಎಂದು ಕೇಳಿದಳು, ಪ್ರದೀಪನ ಡ್ಯೂಟಿ ಯಾವಾಗ ಎಂದು ಕೇಳಿದಳು. ಊಟವಾದ ಮೇಲೆ ಹೇಮಾ ಪಾತ್ರೆ ತೊಳೆಯಲು ಎದ್ದಳು. ಬಿಡು, ನಾನು ತೊಳೀತೀನಿ ಎಂದು ನಂದಿನಿ ಅವಳ ಕೈಯಿಂದ ತಟ್ಟೆ ತೆಗೆದುಕೊಂಡಳು. ಹಿತ್ತಲಿನಲ್ಲಿ ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು. ತಂಗಿ ಒಳಗೆ ಬರಲೆಂದು ಹೇಮಾ ಕಾದಳು. ಬಸ್ಸಿನ ಹೊತ್ತಾಯಿತು. ಹೋಗಿ ಬರುತ್ತೇನೆ ಎಂದು ಬಾಗಿಲಿನಿಂದ ಕೂಗಿ ಹೇಳಿ, ಹಿತ್ತಲಿನ ನೀರಿನ ಸದ್ದು ನಿಲ್ಲದ್ದನ್ನು ಕೇಳಿ, ಚಪ್ಪಲಿ ಮೆಟ್ಟಿಕೊಂಡು ರಸ್ತೆಗೆ ನಡೆದಳು.